ಪ್ರತಿವರ್ತಕದ ತೂಕ ಗೊತ್ತಿದ್ದರೆ ಉತ್ಪನ್ನದ ತೂಕ ಕಂಡುಹಿಡಿಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

29 ಗ್ರಾಂ ಬ್ಯೂಟೇನ್ ಪೂರ್ತಿ ಉರಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಮೊದಲ ಪಿಯುಸಿ ಮಕ್ಕಳಿಗೆ ಈ ಲೆಕ್ಕ ಕೊಟ್ಟಾಗಲೆಲ್ಲ ಒಂದೇ ತಪ್ಪು ಉತ್ತರ ಬರುತ್ತದೆ: 116 ಗ್ರಾಂ. ಸಮೀಕರಣದಲ್ಲಿ 2 ಬ್ಯೂಟೇನ್‌ಗೆ 8 ಕಾರ್ಬನ್ ಡೈಆಕ್ಸೈಡ್ ಇದೆ. ಅಂದರೆ ನಾಲ್ಕು ಪಟ್ಟು. 29 ಗುಣಿಸು 4, ಉತ್ತರ 116. ನೋಡಲು ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಸರಿಯಾದ ಉತ್ತರ 88 ಗ್ರಾಂ.

ತಪ್ಪಿರುವುದು ಗುಣಾಕಾರ ಅಲ್ಲ. ಸಮೀಕರಣದ ಸಂಖ್ಯೆಗಳು ಗ್ರಾಂ ಲೆಕ್ಕ ಅಲ್ಲ, ಎಣಿಕೆಯ ಲೆಕ್ಕ. ಒಂದು ಆಟೋಗೆ ಮೂರು ಚಕ್ರ ಬೇಕು. ಹಾಗಂತ ಆಟೋದ ಬಾಡಿ ಒಂದು ಕೆಜಿ ಇದ್ದರೆ ಮೂರು ಕೆಜಿ ಚಕ್ರ ಬೇಕು ಅಂತ ಯಾರೂ ಹೇಳುವುದಿಲ್ಲ. ಅಣುಗಳ ವಿಷಯದಲ್ಲೂ ಅಷ್ಟೇ. ನಮ್ಮ ಕೈಯಲ್ಲಿರುವುದು ತೂಕ, ಸಮೀಕರಣಕ್ಕೆ ಗೊತ್ತಿರುವುದು ಎಣಿಕೆ. ಅದಕ್ಕೇ ತೂಕವನ್ನು ಎಣಿಕೆಗೆ ಬದಲಾಯಿಸಿ, ಅಲ್ಲಿ ಅನುಪಾತ ಹಾಕಿ, ಮತ್ತೆ ತೂಕಕ್ಕೆ ತರಬೇಕು.

ದಾರಿ ಇಷ್ಟೇ: ಗ್ರಾಂ → ಮೋಲ್ → ಮೋಲ್ → ಗ್ರಾಂ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಒಂದು ಎಣಿಕೆಯ ಗುಂಪು. ಅಣುಗಳು ತೀರಾ ಸಣ್ಣವಾದ್ದರಿಂದ ಗುಂಪು ತುಂಬಾ ದೊಡ್ಡದು.

ಪಠ್ಯಪುಸ್ತಕದಲ್ಲಿ ತೂಕಕ್ಕೆ ರಾಶಿ ಅನ್ನುತ್ತಾರೆ. ಪರೀಕ್ಷೆಯಲ್ಲಿ ರಾಶಿ ಅಂತಲೇ ಬರೆಯಿರಿ. ಇಲ್ಲಿ ಮಾತಿನ ಅನುಕೂಲಕ್ಕೆ ತೂಕ ಅಂತ ಬಳಸಿದ್ದೇನೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಪರಮಾಣು ರಾಶಿ ಇರುವ ಒಂದು ಆವರ್ತ ಕೋಷ್ಟಕ, ಒಂದು ಕ್ಯಾಲ್ಕ್ಯುಲೇಟರ್, ಒಂದು ಹಾಳೆ. ಹಾಳೆಯಲ್ಲಿ ಸಮೀಕರಣದ ಕೆಳಗೆ ಮೂರು ಸಾಲು ಬಿಡಿ: ಮೋಲಾರ್ ರಾಶಿಗೆ ಒಂದು, ಮೋಲ್‌ಗೆ ಒಂದು, ಗ್ರಾಂಗೆ ಒಂದು. ಪ್ರತಿ ವಸ್ತುವಿನ ಲೆಕ್ಕ ಆ ವಸ್ತುವಿನ ಕೆಳಗೇ ಬರಲಿ. ಅಲ್ಲಲ್ಲಿ ಮೂಲೆಯಲ್ಲಿ ಸುಮ್ನೆ ಗೀಚಿದ ಲೆಕ್ಕದಲ್ಲೇ ತಪ್ಪುಗಳು ಜಾಸ್ತಿ. ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ಬರೀ ಈ ಮೂರು ಸಾಲಿನ ಅಭ್ಯಾಸದಿಂದ ಅರ್ಧ ತಪ್ಪು ನಿಲ್ಲುತ್ತದೆ ಅನ್ನುವುದು ನನ್ನ ಅನುಭವ.

ಈ ಬರಹಕ್ಕೆ ಬೇಕಾದ ಪರಮಾಣು ರಾಶಿಗಳು: ಹೈಡ್ರೊಜನ್ 1, ಕಾರ್ಬನ್ 12, ಆಕ್ಸಿಜನ್ 16, ಸೋಡಿಯಂ 23, ಅಲ್ಯೂಮಿನಿಯಂ 27, ಸಲ್ಫರ್ 32, ಕ್ಯಾಲ್ಸಿಯಂ 40, ಕಬ್ಬಿಣ 56, ತಾಮ್ರ 63.5.

## ಹಂತ 1: ಸಮೀಕರಣ ಬರೆದು ಸರಿದೂಗಿಸಿ

ಸರಿದೂಗಿಸದ ಸಮೀಕರಣದಿಂದ ಮುಂದೆ ಹೋಗಲೇಬೇಡಿ. ಇಲ್ಲಿ ತಪ್ಪಿದರೆ ಮುಂದಿನ ಎಲ್ಲ ಹಂತ ಸರಿಯಾಗಿ ಮಾಡಿದರೂ ಉತ್ತರ ತಪ್ಪು.

ಬ್ಯೂಟೇನ್‌ನ ಒಂದು ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೊಜನ್ ಇವೆ. ಅದು ಆಕ್ಸಿಜನ್ ಜೊತೆ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಆಗುತ್ತದೆ. ಮೊದಲು ಕಾರ್ಬನ್ ನೋಡಿ. ಎಡಗಡೆ 4 ಇದೆ, ಹಾಗಾಗಿ ಬಲಗಡೆ 4 ಕಾರ್ಬನ್ ಡೈಆಕ್ಸೈಡ್. ಆಮೇಲೆ ಹೈಡ್ರೊಜನ್. ಎಡಗಡೆ 10, ಒಂದು ನೀರಿನಲ್ಲಿ 2, ಹಾಗಾಗಿ 5 ನೀರು. ಕೊನೆಗೆ ಆಕ್ಸಿಜನ್. ಬಲಗಡೆ 8 ಮತ್ತು 5 ಸೇರಿ 13 ಪರಮಾಣು. ಆಕ್ಸಿಜನ್ ಅಣುವಿನಲ್ಲಿ 2 ಪರಮಾಣು ಇರುವುದರಿಂದ ಆರೂವರೆ ಅಣು ಬೇಕು. ಅರ್ಧ ಬೇಡ ಅಂತ ಎಲ್ಲವನ್ನೂ 2ರಿಂದ ಗುಣಿಸಿ:

2 ಬ್ಯೂಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು

ಒಂದೇ ಧಾತುವಾಗಿ ಒಂಟಿಯಾಗಿ ಇರುವುದನ್ನು, ಇಲ್ಲಿ ಆಕ್ಸಿಜನ್, ಯಾವಾಗಲೂ ಕೊನೆಗೆ ಸರಿದೂಗಿಸಿ. ಅದನ್ನು ಬದಲಾಯಿಸಿದರೆ ಬೇರೆ ಯಾವುದೂ ಕೆಡುವುದಿಲ್ಲ.

ಇಲ್ಲಿ ಆಗುವ ತಪ್ಪು: ಲೆಕ್ಕ ಕೂಡಲಿಲ್ಲ ಅಂತ ಅಣುವಿನ ಒಳಗಿನ ಸಂಖ್ಯೆಯನ್ನೇ ಬದಲಾಯಿಸುವುದು. ಕಾರ್ಬನ್ ಡೈಆಕ್ಸೈಡ್‌ನಿಂದ ಒಂದು ಆಕ್ಸಿಜನ್ ತೆಗೆದರೆ ಅದು ಕಾರ್ಬನ್ ಮಾನಾಕ್ಸೈಡ್. ಬೇರೆಯೇ ಅನಿಲ, ವಿಷ. ನೀವು ಬದಲಾಯಿಸಬಹುದಾದದ್ದು ಸೂತ್ರದ ಮುಂದೆ ಬರೆಯುವ ಸಂಖ್ಯೆ ಮಾತ್ರ.

## ಹಂತ 2: ಬೇಕಾದ ವಸ್ತುಗಳ ಮೋಲಾರ್ ರಾಶಿ ಕಂಡುಹಿಡಿಯಿರಿ

ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಮೋಲಾರ್ ರಾಶಿ. ಅಣುವಿನಲ್ಲಿರುವ ಎಲ್ಲ ಪರಮಾಣುಗಳ ರಾಶಿ ಕೂಡಿಸಿದರೆ ಆಯಿತು.

ಬ್ಯೂಟೇನ್: 4 × 12 + 10 × 1 = 58
ಆಕ್ಸಿಜನ್: 2 × 16 = 32
ಕಾರ್ಬನ್ ಡೈಆಕ್ಸೈಡ್: 12 + 2 × 16 = 44
ನೀರು: 2 × 1 + 16 = 18

ಪ್ರಶ್ನೆಗೆ ಬೇಕಾದದ್ದು ಬ್ಯೂಟೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡೇ. ಆದರೂ ನಾಲ್ಕನ್ನೂ ಬರೆದಿಡಿ. ಕೊನೆಯಲ್ಲಿ ತಾಳೆ ನೋಡಲು ಬೇಕಾಗುತ್ತದೆ.

ಈ ಹಂತ ಸುಲಭ ಅಂತ ಎಲ್ಲರೂ ಓಡುತ್ತಾರೆ. ಅದಕ್ಕೇ ಇಲ್ಲಿ ಎಡವುವವರು ಜಾಸ್ತಿ. ನಾಲ್ಕು ಕಡೆ ಎಚ್ಚರ ಬೇಕು.

ಸೂತ್ರದ ಮುಂದಿರುವ ಸಂಖ್ಯೆಯಿಂದ ಇಲ್ಲೇ ಗುಣಿಸುವುದು. ಸಮೀಕರಣದಲ್ಲಿ 2 ಬ್ಯೂಟೇನ್ ಇದೆ ಅಂತ 116 ಬರೆಯಬೇಡಿ. ಮೋಲಾರ್ ರಾಶಿ ವಸ್ತುವಿನ ಗುಣ, ಸಮೀಕರಣ ಬದಲಾದರೂ ಅದು ಬದಲಾಗದು. ಆ 2ಕ್ಕೆ ಹಂತ 4ರಲ್ಲಿ ಕೆಲಸವಿದೆ. ಇಲ್ಲೂ ಗುಣಿಸಿ ಅಲ್ಲೂ ಬಳಸಿದರೆ ಒಂದೇ ಸಂಖ್ಯೆ ಎರಡು ಸಲ ಲೆಕ್ಕಕ್ಕೆ ಬಂದ ಹಾಗಾಯಿತು.

ಜೋಡಿಯಾಗಿರುವ ಧಾತುಗಳನ್ನು ಒಂಟಿ ಅಂದುಕೊಳ್ಳುವುದು. ಹೈಡ್ರೊಜನ್, ನೈಟ್ರೊಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ಏಳೂ ಎರಡೆರಡು ಪರಮಾಣುಗಳ ಅಣುಗಳಾಗಿ ಇರುತ್ತವೆ. ಆಕ್ಸಿಜನ್ ಅನಿಲ ಅಂದರೆ 32, 16 ಅಲ್ಲ.

ಆವರಣ ಚಿಹ್ನೆ. ಅರಳಿದ ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ಸೂತ್ರದಲ್ಲಿ ಆವರಣದ ಹೊರಗಿನ 2, ಒಳಗಿರುವ ಆಕ್ಸಿಜನ್ ಮತ್ತು ಹೈಡ್ರೊಜನ್ ಎರಡಕ್ಕೂ ಸೇರಿದ್ದು. ಹಾಗಾಗಿ 40 + 2 × 17 = 74. ಹೈಡ್ರೊಜನ್‌ಗೆ ಮಾತ್ರ 2 ಹಾಕಿದರೆ 58 ಬರುತ್ತದೆ, ಅದು ತಪ್ಪು.

ಹರಳಿನೊಳಗಿನ ನೀರು ಮರೆಯುವುದು. ನೀಲಿ ಬಣ್ಣದ ಮೈಲುತುತ್ತು ಬರೀ ಕಾಪರ್ ಸಲ್ಫೇಟ್ ಅಲ್ಲ. ಪ್ರತಿ ಕಾಪರ್ ಸಲ್ಫೇಟ್‌ಗೆ ಐದು ನೀರಿನ ಅಣು ಅಂಟಿಕೊಂಡಿರುತ್ತವೆ. ಕಾಪರ್ ಸಲ್ಫೇಟ್ 159.5, ಐದು ನೀರು 90, ಒಟ್ಟು 249.5. ನೀವು ತಕ್ಕಡಿಯಲ್ಲಿ ತೂಗುವುದು ನೀರನ್ನೂ ಸೇರಿಸಿಯೇ. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಮುಂದೆ ಅಡಿಕೆ ತೋಟದ ಲೆಕ್ಕದಲ್ಲಿ ನೋಡೋಣ.

## ಹಂತ 3: ಕೊಟ್ಟ ತೂಕವನ್ನು ಮೋಲ್‌ಗೆ ಬದಲಾಯಿಸಿ

ಮೋಲ್ = ತೂಕ ÷ ಮೋಲಾರ್ ರಾಶಿ.

29 ÷ 58 = 0.5 ಮೋಲ್ ಬ್ಯೂಟೇನ್.

ಭಾಗಿಸಬೇಕೋ ಗುಣಿಸಬೇಕೋ ಅನ್ನುವ ಗೊಂದಲ ಬಂದರೆ ಸೂತ್ರ ನೆನಪಿಸಿಕೊಳ್ಳುವುದು ಬೇಡ. ಯೋಚಿಸಿ. ಒಂದು ಮೋಲ್‌ಗೆ 58 ಗ್ರಾಂ, ನಮ್ಮ ಹತ್ತಿರ ಅದರ ಅರ್ಧ ಇದೆ, ಹಾಗಾಗಿ ಅರ್ಧ ಮೋಲ್. ತಪ್ಪಿ ಗುಣಿಸಿದ್ದರೆ 1682 ಮೋಲ್ ಬರುತ್ತಿತ್ತು. ಹಿಡಿಯಷ್ಟು ವಸ್ತುವಿಗೆ ಸಾವಿರಗಟ್ಟಲೆ ಮೋಲ್ ಬಂದರೆ ಅಲ್ಲೇ ನಿಲ್ಲಿಸಿ.

ತೂಕ ಮಿಲಿಗ್ರಾಂ ಅಥವಾ ಕೆಜಿಯಲ್ಲಿ ಕೊಟ್ಟಿದ್ದರೆ ಮೊದಲು ಗ್ರಾಂಗೆ ತನ್ನಿ.

ಇನ್ನೊಂದು ಮಾತು: ಮಧ್ಯದಲ್ಲಿ ಅಂಕಿ ಕತ್ತರಿಸಬೇಡಿ. 10 ಗ್ರಾಂ ಮೆಗ್ನೀಶಿಯಂ ಸುಡುವ ಲೆಕ್ಕದಲ್ಲಿ ಪರಮಾಣು ರಾಶಿ 24.3 ಹಿಡಿದರೆ 0.4115 ಮೋಲ್ ಬರುತ್ತದೆ. ಅದನ್ನು 0.4 ಅಂತ ಮಾಡಿದರೆ ಆಕ್ಸೈಡ್ 16.1 ಗ್ರಾಂ ಅನಿಸುತ್ತದೆ. ನಿಜವಾದ ಉತ್ತರ 16.6 ಗ್ರಾಂ. ಕ್ಯಾಲ್ಕ್ಯುಲೇಟರ್‌ನಲ್ಲಿ ಬಂದದ್ದನ್ನು ಹಾಗೇ ಮುಂದಕ್ಕೆ ಒಯ್ದು, ಕೊನೆಯ ಉತ್ತರದಲ್ಲಿ ಮಾತ್ರ ಅಂಕಿ ಕಡಿಮೆ ಮಾಡಿ.

## ಹಂತ 4: ಮೋಲ್ ಅನುಪಾತ ಹಾಕಿ

ಸಮೀಕರಣದ ಸಂಖ್ಯೆಗಳು ಬಳಕೆಗೆ ಬರುವುದು ಇಲ್ಲಿ, ಇಲ್ಲಿ ಮಾತ್ರ. 2 ಮೋಲ್ ಬ್ಯೂಟೇನ್‌ನಿಂದ 8 ಮೋಲ್ ಕಾರ್ಬನ್ ಡೈಆಕ್ಸೈಡ್.

0.5 × 8 ÷ 2 = 2 ಮೋಲ್ ಕಾರ್ಬನ್ ಡೈಆಕ್ಸೈಡ್.

ಬೇಕಾದದ್ದರ ಸಂಖ್ಯೆ ಮೇಲೆ, ಕೊಟ್ಟಿದ್ದರ ಸಂಖ್ಯೆ ಕೆಳಗೆ. ಇದು ತಲೆಕೆಳಗಾದರೆ 0.125 ಬರುತ್ತದೆ. ಒಂದು ಬ್ಯೂಟೇನ್‌ನಲ್ಲಿ ನಾಲ್ಕು ಕಾರ್ಬನ್ ಇರುವಾಗ ಕಾರ್ಬನ್ ಡೈಆಕ್ಸೈಡ್‌ನ ಮೋಲ್ ಕಡಿಮೆ ಆಗಲು ಸಾಧ್ಯವೇ ಇಲ್ಲ. ಹೀಗೆ ಒಂದು ಕ್ಷಣ ನೋಡಿದರೆ ಸಾಕು, ತಪ್ಪು ಸಿಕ್ಕಿಬೀಳುತ್ತದೆ.

## ಹಂತ 5: ಮೋಲ್‌ನಿಂದ ಮತ್ತೆ ಗ್ರಾಂಗೆ

ತೂಕ = ಮೋಲ್ × ಮೋಲಾರ್ ರಾಶಿ. 2 × 44 = 88 ಗ್ರಾಂ.

ಇಲ್ಲಿ ಉತ್ಪನ್ನದ ಮೋಲಾರ್ ರಾಶಿ ಹಾಕಬೇಕು. ಅವಸರದಲ್ಲಿ ಪ್ರತಿವರ್ತಕದ 58 ಹಾಕಿಬಿಡುವವರಿದ್ದಾರೆ. ಮೂರು ಸಾಲಿನ ಹಾಳೆ ಇದ್ದರೆ ಈ ತಪ್ಪು ಆಗುವುದಿಲ್ಲ, 44 ಅದರ ಹೆಸರಿನ ಕೆಳಗೇ ಕಾಣುತ್ತಿರುತ್ತದೆ.

## ಹಂತ 6: ತಾಳೆ ನೋಡಿ

ದಯವಿಟ್ಟು ಇದನ್ನು ಬಿಡಬೇಡಿ. ಎರಡು ರೀತಿಯಲ್ಲಿ ನೋಡಬಹುದು.

ಮೊದಲನೆಯದು ಒಟ್ಟು ತೂಕ. 0.5 ಮೋಲ್ ಬ್ಯೂಟೇನ್‌ಗೆ 3.25 ಮೋಲ್ ಆಕ್ಸಿಜನ್ ಬೇಕು, ಅಂದರೆ 104 ಗ್ರಾಂ. ನೀರು 2.5 ಮೋಲ್, ಅಂದರೆ 45 ಗ್ರಾಂ. ಎಡಗಡೆ 29 + 104 = 133. ಬಲಗಡೆ 88 + 45 = 133. ಕೂಡಿತು.

ಎರಡನೆಯದು ಒಂದೇ ಧಾತುವಿನ ತಾಳೆ. ಇದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. 29 ಗ್ರಾಂ ಬ್ಯೂಟೇನ್‌ನಲ್ಲಿ 24 ಗ್ರಾಂ ಕಾರ್ಬನ್ ಇದೆ. 88 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲೂ 24 ಗ್ರಾಂ ಕಾರ್ಬನ್. ಈಗ ಆ 116 ಗ್ರಾಂ ಉತ್ತರವನ್ನು ಇದೇ ರೀತಿ ನೋಡಿ. 116 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲಿ 31.6 ಗ್ರಾಂ ಕಾರ್ಬನ್ ಇರುತ್ತದೆ. ನಾವು ಉರಿಸಿದ ಗ್ಯಾಸೇ 29 ಗ್ರಾಂ. ಉಳಿದ ಕಾರ್ಬನ್ ಎಲ್ಲಿಂದ ಬಂತು?

ಅನುಪಾತ ಒಮ್ಮೆ ಸಿಕ್ಕಿದರೆ ಎಷ್ಟು ದೊಡ್ಡ ಪ್ರಮಾಣಕ್ಕೂ ಅದೇ ಸಾಕು. ಮನೆಗೆ ಬರುವ ಎಲ್‌ಪಿಜಿ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಪೂರ್ತಿ ಬ್ಯೂಟೇನ್ ಅಂದುಕೊಂಡರೆ ಅದರಿಂದ 14.2 × 88 ÷ 29, ಅಂದರೆ ಸುಮಾರು 43 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಎಲ್‌ಪಿಜಿಯಲ್ಲಿ ಪ್ರೊಪೇನ್ ಕೂಡ ಇರುತ್ತದೆ. ಪೂರ್ತಿ ಪ್ರೊಪೇನ್ ಹಿಡಿದರೂ 42.6 ಕೆಜಿ, ದೊಡ್ಡ ವ್ಯತ್ಯಾಸ ಇಲ್ಲ. 14 ಕೆಜಿಯಿಂದ 43 ಕೆಜಿ ಹೇಗೆ ಅಂತ ಮಕ್ಕಳು ಬೆರಗಾಗುತ್ತಾರೆ. ಹೆಚ್ಚಿನ ತೂಕ ಗಾಳಿಯ ಆಕ್ಸಿಜನ್‌ನಿಂದ ಬಂದದ್ದು. ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಯಿಂದ ಸುಮಾರು 51 ಕೆಜಿ ಆಕ್ಸಿಜನ್ ಖರ್ಚಾಗಿರುತ್ತದೆ. ಒಲೆ ಹಚ್ಚಿದಾಗ ಕಿಟಕಿ ತೆರೆದಿರಲಿ ಅನ್ನುವುದು ಇದಕ್ಕೇ.

## ಎರಡೂ ಪ್ರತಿವರ್ತಕಗಳ ತೂಕ ಕೊಟ್ಟಿದ್ದರೆ

ಇಲ್ಲಿಯವರೆಗೆ ಆಕ್ಸಿಜನ್ ಬೇಕಾದಷ್ಟು ಇದೆ ಅಂತ ಹಿಡಿದಿದ್ದೆವು. ಪ್ರಶ್ನೆಯಲ್ಲಿ ಎರಡು ತೂಕ ಕಂಡರೆ ಲೆಕ್ಕದ ಸ್ವರೂಪವೇ ಬೇರೆ. ಯಾವುದು ಮೊದಲು ಮುಗಿಯುತ್ತದೋ ಅದೇ ಉತ್ಪನ್ನ ಎಷ್ಟು ಅಂತ ನಿರ್ಧರಿಸುತ್ತದೆ. ಇದನ್ನು ಲಿಮಿಟಿಂಗ್ ರಿಯೇಜೆಂಟ್ ಅನ್ನುತ್ತಾರೆ. ಹತ್ತು ಬಾಡಿ, ಇಪ್ಪತ್ತೊಂದು ಚಕ್ರ ಇದ್ದರೆ ಏಳೇ ಆಟೋ ಆಗುವುದು.

ರೈಲು ಹಳಿ ಬೆಸೆಯಲು ಬಳಸುವ ಥರ್ಮಿಟ್ ಕ್ರಿಯೆ ತೆಗೆದುಕೊಳ್ಳೋಣ. ಇದು ಕಾಗದದ ಮೇಲೆ ಮಾತ್ರ ಮಾಡುವ ಲೆಕ್ಕ. ಕ್ರಿಯೆಯ ಬಿಸಿ 2000 ಡಿಗ್ರಿ ದಾಟುತ್ತದೆ, ಕಬ್ಬಿಣ ಕರಗಿ ಹರಿಯುತ್ತದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಪ್ರಯತ್ನಿಸಲೇಬೇಡಿ.

1 ಕಬ್ಬಿಣದ ಆಕ್ಸೈಡ್ + 2 ಅಲ್ಯೂಮಿನಿಯಂ → 1 ಅಲ್ಯೂಮಿನಿಯಂ ಆಕ್ಸೈಡ್ + 2 ಕಬ್ಬಿಣ

ಈ ಕಬ್ಬಿಣದ ಆಕ್ಸೈಡ್‌ನಲ್ಲಿ 2 ಕಬ್ಬಿಣ, 3 ಆಕ್ಸಿಜನ್ ಇವೆ, ಹಾಗಾಗಿ 160. ಅಲ್ಯೂಮಿನಿಯಂ ಆಕ್ಸೈಡ್ 102. ಕೊಟ್ಟಿರುವುದು 80 ಗ್ರಾಂ ಕಬ್ಬಿಣದ ಆಕ್ಸೈಡ್, 40 ಗ್ರಾಂ ಅಲ್ಯೂಮಿನಿಯಂ. ಕಬ್ಬಿಣ ಎಷ್ಟು ಸಿಗುತ್ತದೆ?

1. ಎರಡನ್ನೂ ಮೋಲ್‌ಗೆ ತನ್ನಿ. ಆಕ್ಸೈಡ್ 80 ÷ 160 = 0.5. ಅಲ್ಯೂಮಿನಿಯಂ 40 ÷ 27 = 1.48.
2. ಪ್ರತಿಯೊಂದನ್ನೂ ಸಮೀಕರಣದಲ್ಲಿ ಅದರ ಮುಂದಿರುವ ಸಂಖ್ಯೆಯಿಂದ ಭಾಗಿಸಿ. ಆಕ್ಸೈಡ್ 0.5 ÷ 1 = 0.5. ಅಲ್ಯೂಮಿನಿಯಂ 1.48 ÷ 2 = 0.74.
3. ಕಡಿಮೆ ಬಂದದ್ದೇ ಮೊದಲು ಮುಗಿಯುವುದು. ಇಲ್ಲಿ ಆಕ್ಸೈಡ್.
4. ಮುಂದಿನ ಲೆಕ್ಕ ಪೂರ್ತಿ ಅದರಿಂದಲೇ. 0.5 × 2 = 1 ಮೋಲ್ ಕಬ್ಬಿಣ, 56 ಗ್ರಾಂ.

ಬಹಳ ಮಂದಿ 40 ಗ್ರಾಂ ಕಡಿಮೆ ತಾನೇ ಅಂತ ಅಲ್ಯೂಮಿನಿಯಂ ಹಿಡಿದು ಹೊರಡುತ್ತಾರೆ. ಆಗ 83 ಗ್ರಾಂ ಕಬ್ಬಿಣ ಬರುತ್ತದೆ. ನಾವು ಹಾಕಿದ 80 ಗ್ರಾಂ ಆಕ್ಸೈಡ್‌ನಲ್ಲಿದ್ದ ಕಬ್ಬಿಣವೇ 56 ಗ್ರಾಂ! ಗ್ರಾಂ ನೋಡಿ ಯಾವುದು ಕಡಿಮೆ ಅಂತ ತೀರ್ಮಾನಿಸಬೇಡಿ. ಬರೀ ಮೋಲ್ ನೋಡಿಯೂ ಬೇಡ. ಸಂಖ್ಯೆಯಿಂದ ಭಾಗಿಸಿದ ಮೇಲೆಯೇ ಹೋಲಿಸಿ.

ತಾಳೆ: ಅಲ್ಯೂಮಿನಿಯಂ 27 ಗ್ರಾಂ ಖರ್ಚಾಗಿ 13 ಗ್ರಾಂ ಉಳಿಯುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ 51, ಕಬ್ಬಿಣ 56, ಉಳಿದದ್ದು 13, ಒಟ್ಟು 120. ಹಾಕಿದ್ದೂ 120. ಉಳಿದದ್ದನ್ನು ಕೂಡಿಸಲು ಮರೆತು ಲೆಕ್ಕವೇ ತಪ್ಪು ಅಂತ ಹೊಡೆದುಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇದೇ ಲೆಕ್ಕ ಮಲೆನಾಡಿನ ಅಡಿಕೆ ತೋಟಗಳಲ್ಲಿ ಪ್ರತಿ ಮಳೆಗಾಲ ನಡೆಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಹಾಕುತ್ತಾರೆ. ಮೈಲುತುತ್ತು 1000 ÷ 249.5, ಅಂದರೆ 4.01 ಮೋಲ್. ಒಂದಕ್ಕೆ ಒಂದು ಹಿಡಿದರೆ ಶುದ್ಧ ಸುಟ್ಟ ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್, ಮೋಲಾರ್ ರಾಶಿ 56) ಸುಮಾರು 225 ಗ್ರಾಂ ಸಾಕು. ಆದರೂ ಸುಣ್ಣವನ್ನು ಜಾಸ್ತಿ ಹಾಕುವುದಕ್ಕೆ ಕಾರಣ ಇದೆ. ಅಂಗಡಿಯ ಸುಣ್ಣ ಪೂರ್ತಿ ಶುದ್ಧ ಇರುವುದಿಲ್ಲ, ಗಾಳಿ ತಾಗಿ ಅದರ ಸ್ವಲ್ಪ ಭಾಗ ಕಾರ್ಬೊನೇಟ್ ಆಗಿರುತ್ತದೆ. ಕ್ರಿಯೆಗೆ ಸಿಗದ ತಾಮ್ರ ದ್ರಾವಣದಲ್ಲಿ ಉಳಿದರೆ ಎಲೆ, ಕಾಯಿ ಸುಟ್ಟುಹೋಗುತ್ತವೆ. ಹಾಗಾಗಿ ಮೊದಲು ಮುಗಿಯಬೇಕಾದದ್ದು ಮೈಲುತುತ್ತು. ಕಬ್ಬಿಣದ ಕತ್ತಿ ಅದ್ದಿ, ಅದರ ಮೇಲೆ ಕೆಂಪು ಪದರ ಕೂತರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ. ಹರಳಿನ ನೀರು ಮರೆತು 159.5 ಹಿಡಿದವರಿಗೆ ಈ ಒಂದು ಕೆಜಿಯಲ್ಲಿ 398 ಗ್ರಾಂ ತಾಮ್ರ ಇದೆ ಅನಿಸುತ್ತದೆ. ನಿಜವಾಗಿ ಇರುವುದು ಸುಮಾರು 254 ಗ್ರಾಂ.

## ಶುದ್ಧತೆ ಮತ್ತು ಇಳುವರಿ: ಯಾವುದು ಮೊದಲು?

ಶುದ್ಧತೆಯ ಶೇಕಡಾ ಲೆಕ್ಕದ ಮೊದಲಿಗೆ, ಇಳುವರಿಯ ಶೇಕಡಾ ಕೊನೆಗೆ. ಶುದ್ಧತೆ ನಾವು ಹಾಕಿದ ವಸ್ತುವಿಗೆ ಸೇರಿದ್ದು, ಇಳುವರಿ ನಮಗೆ ಸಿಕ್ಕಿದ್ದಕ್ಕೆ ಸೇರಿದ್ದು.

ಸುಣ್ಣದ ಗೂಡಿನಲ್ಲಿ 250 ಕೆಜಿ ಸುಣ್ಣದಕಲ್ಲು ಸುಡುತ್ತೇವೆ ಅಂದುಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಶೇಕಡಾ 90. ಹಾಗಾಗಿ ಲೆಕ್ಕಕ್ಕೆ ಬರುವುದು 225 ಕೆಜಿ. 100 ಭಾಗ ಕಾರ್ಬೊನೇಟ್‌ನಿಂದ 56 ಭಾಗ ಸುಟ್ಟ ಸುಣ್ಣ, 44 ಭಾಗ ಕಾರ್ಬನ್ ಡೈಆಕ್ಸೈಡ್. 225 × 56 ÷ 100 = 126 ಕೆಜಿ ಸುಟ್ಟ ಸುಣ್ಣ. ಇಳುವರಿ ಶೇಕಡಾ 90 ಆದರೆ ಕೈಗೆ ಸಿಗುವುದು 113.4 ಕೆಜಿ.

ಇಲ್ಲಿ ಕೆಜಿಯನ್ನು ಗ್ರಾಂ ಮಾಡದೆ, ನೇರ ತೂಕದ ಅನುಪಾತ ಬಳಸಿದೆ. ಹಾಗೆ ಮಾಡಬಹುದು. ಸಮೀಕರಣದ ಸಂಖ್ಯೆ × ಮೋಲಾರ್ ರಾಶಿ ಎರಡೂ ಕಡೆ ಬರೆದು ತ್ರೈರಾಶಿ ಹಾಕಿದರೆ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ಬ್ಯೂಟೇನ್‌ಗಾದರೆ 116ಕ್ಕೆ 352. ಆದರೆ ಈ ದಾರಿಯನ್ನೂ ಮೋಲ್ ದಾರಿಯನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ. ಮೋಲ್ ದಾರಿ ಕೈಗೆ ಹತ್ತುವವರೆಗೆ ಇದನ್ನು ಮುಟ್ಟದಿರುವುದೇ ಒಳ್ಳೆಯದು.

## ಉತ್ತರ ತಪ್ಪಿದೆ ಅಂತ ಹೇಳುವ ಸೂಚನೆಗಳು

ವಸ್ತುವೊಂದು ಒಡೆಯುವ ಕ್ರಿಯೆಯಲ್ಲಿ ಉತ್ಪನ್ನದ ತೂಕ ಮೂಲ ವಸ್ತುವಿಗಿಂತ ಜಾಸ್ತಿ ಬಂದರೆ ತಪ್ಪು. ಲೋಹ ಆಕ್ಸಿಜನ್ ಜೊತೆ ಸೇರಿದಾಗ ಆಕ್ಸೈಡ್‌ನ ತೂಕ ಲೋಹಕ್ಕಿಂತ ಕಡಿಮೆ ಬಂದರೂ ತಪ್ಪು. ಎರಡೂ ಬದಿಯ ತೂಕದಲ್ಲಿ ಒಂದೆರಡು ಗ್ರಾಂ ಅಲ್ಲ, ಹತ್ತಾರು ಗ್ರಾಂ ವ್ಯತ್ಯಾಸ ಇದ್ದರೆ ಹಂತ 1ಕ್ಕೆ ಹಿಂತಿರುಗಿ, ಸಮೀಕರಣ ಸರಿದೂಗದೆ ಇರಬಹುದು. ಉತ್ತರ ಸರಿಯಾದದ್ದಕ್ಕಿಂತ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧ ಇದ್ದರೆ, ಸೂತ್ರದ ಮುಂದಿರುವ ಸಂಖ್ಯೆಯನ್ನು ಎರಡು ಸಲ ಬಳಸಿರಬಹುದು ಅಥವಾ ಬಳಸದೇ ಬಿಟ್ಟಿರಬಹುದು, ಇಲ್ಲವೇ ಜೋಡಿ ಧಾತುವನ್ನು ಒಂಟಿ ಮಾಡಿರಬಹುದು. ಪ್ರಯೋಗಾಲಯದಲ್ಲಿ ಇಳುವರಿ ಶೇಕಡಾ 100 ದಾಟಿದರೆ ಉತ್ಪನ್ನ ಇನ್ನೂ ಒದ್ದೆ ಇರಬಹುದು, ಒಣಗಿಸಿ ಮತ್ತೆ ತೂಗಿ.

## ಈಗ ನೀವೇ ಮಾಡಿ ನೋಡಿ

42 ಗ್ರಾಂ ಅಡುಗೆ ಸೋಡಾ ಕಾಯಿಸಿದರೆ ಎಷ್ಟು ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ? ಅಡುಗೆ ಸೋಡಾದ ಸೂತ್ರದಲ್ಲಿ 1 ಸೋಡಿಯಂ, 1 ಹೈಡ್ರೊಜನ್, 1 ಕಾರ್ಬನ್, 3 ಆಕ್ಸಿಜನ್ ಇವೆ. ಸೋಡಿಯಂ ಕಾರ್ಬೊನೇಟ್‌ನಲ್ಲಿ 2 ಸೋಡಿಯಂ, 1 ಕಾರ್ಬನ್, 3 ಆಕ್ಸಿಜನ್.

2 ಅಡುಗೆ ಸೋಡಾ → 1 ಸೋಡಿಯಂ ಕಾರ್ಬೊನೇಟ್ + 1 ನೀರು + 1 ಕಾರ್ಬನ್ ಡೈಆಕ್ಸೈಡ್

ಮೊದಲು ಹಾಳೆಯ ಮೇಲೆ ಮೂರು ಸಾಲು ಹಾಕಿ ಮಾಡಿ, ಆಮೇಲೆ ಕೆಳಗೆ ನೋಡಿ.

ಅಡುಗೆ ಸೋಡಾ 84, ಸೋಡಿಯಂ ಕಾರ್ಬೊನೇಟ್ 106. 42 ÷ 84 = 0.5 ಮೋಲ್. 0.5 × 1 ÷ 2 = 0.25 ಮೋಲ್. 0.25 × 106 = 26.5 ಗ್ರಾಂ. ನೀರು 4.5 ಗ್ರಾಂ, ಕಾರ್ಬನ್ ಡೈಆಕ್ಸೈಡ್ 11 ಗ್ರಾಂ, ಮೂರೂ ಸೇರಿ 42. ನಿಮಗೆ 53 ಬಂದಿದ್ದರೆ ಹಂತ 4ರಲ್ಲಿ 2ರಿಂದ ಭಾಗಿಸುವುದು ಬಿಟ್ಟುಹೋಗಿದೆ. 21 ಬಂದಿದ್ದರೆ ಗ್ರಾಂಗೇ ನೇರ ಅನುಪಾತ ಹಾಕಿದ್ದೀರಿ. 13.25 ಬಂದಿದ್ದರೆ ಹಂತ 2ರಲ್ಲಿ 84ರ ಬದಲು 168 ಬರೆದಿದ್ದೀರಿ.